ಬಿಚ್ಚಿ ಹೊಲಿಯುವ ಸೂಪರ್‌ವೈಸರ್

ಒಂದು ಕೆಲಸ ಚೆನ್ನಾಗಿ ಬರುವವರನ್ನು ಆ ಕೆಲಸದಿಂದ ಎಬ್ಬಿಸಿ, ಅದು ಅಷ್ಟಾಗಿ ಬಾರದವರ ನಡುವೆ ಸುಮ್ಮನೆ ನಿಲ್ಲಿಸುವುದಕ್ಕೆ ಬಡ್ತಿ ಎಂದು ಹೆಸರು. ನಾನು ಹದಿನೇಳು ವರ್ಷ ಹೊಲಿಗೆ ಮಷಿನ್ ತುಳಿದವಳು. ಅಂಗಿಗೆ ಕಾಲರ್ ಕೂಡಿಸುವುದರಲ್ಲಿ ನನ್ನನ್ನು ಮೀರಿಸುವವರು ನಮ್ಮಲ್ಲಿ ಇರಲಿಲ್ಲ. ಇದನ್ನು ನಾನೇ ಹೇಳಿಕೊಳ್ಳಬಾರದು; ಬೇರೆ ಯಾರೂ ಹೇಳುವ ಲಕ್ಷಣ ಕಾಣದ್ದರಿಂದ ಹೇಳುತ್ತಿದ್ದೇನೆ. ನಮ್ಮ ಮಾಲೀಕರಾದ ಗುರುಪಾದಪ್ಪನವರು ಕಮಲಾಪುರದಲ್ಲಿ ಶಾಲೆಯ ಸಮವಸ್ತ್ರ ಹೊಲಿಯುವ ಹೊಸ ಘಟಕ ತೆರೆದಾಗ, ಅಲ್ಲಿನ ಹನ್ನೆರಡು ಹೆಣ್ಣುಮಕ್ಕಳ ಮೇಲೆ ನನ್ನನ್ನು ಸೂಪರ್‌ವೈಸರ್ ಮಾಡಿದರು. "ಅಕ್ಕಾರ, ಹೊಲಿಯೂದು ಅವರಿಗಿ ಬಿಡ್ರಿ. ನೀವು ಮಾಡಿಸ್ರಿ," ಎಂದರು. ನಾನು ತಲೆಯಾಡಿಸಿದೆ. ತಲೆಯಾಡಿಸಿದ್ದೆಲ್ಲ ಅರ್ಥವಾಗಿರಬೇಕೆಂದೇನೂ ಇಲ್ಲ.

ಕಲಬುರಗಿಯ ಗಾಜಿಪುರದ ಮನೆಯಿಂದ ಹೊರಟು ಕಮಲಾಪುರದ ಬಸ್ ಹತ್ತಿದ ಮೊದಲ ದಿನ, ಸೂಪರ್‌ವೈಸರ್‌ಗೆ ಬೇಕಾದ ಗಂಭೀರ ಮುಖವನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡಿದೆ. ಮಹಾಗಾಂವ ಸಮೀಪಿಸುವಾಗ ಕಂಡಕ್ಟರ್ ಬಂದು, "ಯಾಕ್ರೀ ಅಕ್ಕಾ, ತಲಿ ತಿರಗಾಕತ್ತದೇನ್ರೀ? ಖಿಡಕಿ ಕಡಿ ಕೂಡ್ರಿ," ಎಂದು ಜಾಗ ಮಾಡಿಕೊಟ್ಟ. ಅಲ್ಲಿಗೆ ಆ ಮುಖವನ್ನು ಕೈಬಿಟ್ಟೆ.

ನಿಜವಾದ ತೊಂದರೆ ಮುಖದ್ದಲ್ಲ, ಕೈಯದು. ಯಾರಾದರೂ ಹೊಲಿದ ಕಾಲರ್ ಒಂದೆಳೆಯಷ್ಟು ವಾರೆಯಾದರೂ ನನ್ನ ಬೆರಳುಗಳಿಗೆ ತಡೆಯುತ್ತಿರಲಿಲ್ಲ. ಹೇಳಿದರೆ ನೊಂದುಕೊಳ್ಳುತ್ತಾರೆಂದು, ಎಲ್ಲರೂ ಬುತ್ತಿ ಬಿಚ್ಚಿ ಊಟಕ್ಕೆ ಕುಳಿತಾಗ ನಾನು ಆ ಅಂಗಿಯ ಹೊಲಿಗೆ ಬಿಚ್ಚಿ, ಮತ್ತೆ ಹೊಲಿದು, ಮಡಚಿ ಇಡುತ್ತಿದ್ದೆ. ಇದು ನನ್ನ ಹಳೆಯ ರೋಗ. ಮನೆಯಲ್ಲೂ ಮಗಳು ರೊಟ್ಟಿ ಬಡಿಯಲು ಕುಳಿತರೆ, ಅಂಚು ಒಡೆಯುವುದನ್ನು ನೋಡಲಾಗದೆ, "ಏಳವ್ವ, ನಾ ಬಡೀತೀನಿ," ಎಂದು ಎಬ್ಬಿಸುತ್ತಿದ್ದೆ. ಅವಳಿಗೆ ಈಗ ಇಪ್ಪತ್ನಾಲ್ಕು ವರ್ಷ. ರೊಟ್ಟಿ ಬಾರದು. ಅದಕ್ಕಾಗಿ ಅವಳನ್ನು ಬೈಯುವವಳೂ ನಾನೇ.

ತಿಂಗಳಾಗುವಷ್ಟರಲ್ಲಿ ಘಟಕದ ಕೆಲಸ ಒಂದು ಹದಕ್ಕೆ ಬಂದಿತ್ತು. ಅಂದರೆ, ಹನ್ನೆರಡು ಮಂದಿ ಆರಾಮವಾಗಿ ಹೊಲಿಯುತ್ತಿದ್ದರು, ನಾನೊಬ್ಬಳು ಬೆವರುತ್ತಿದ್ದೆ. ಹೇಗೆ ಹೊಲಿದರೂ ಅಕ್ಕ ಸರಿಮಾಡುತ್ತಾಳೆಂಬುದು ಎಲ್ಲರಿಗೂ ತಿಳಿದುಹೋಗಿತ್ತು. ಶಾಲೆ ಶುರುವಾಗಲು ಮೂರು ವಾರ ಉಳಿದಿರುವಾಗ ನನ್ನ ಮೇಜಿನ ಮೇಲೆ ಅಂಗಿಗಳ ರಾಶಿ ಎಷ್ಟು ಎತ್ತರಕ್ಕೆ ಏರಿತೆಂದರೆ, ಅದರಾಚೆ ಯಾರು ಕೆಲಸ ಮಾಡುತ್ತಿದ್ದಾರೆಂದು ನೋಡಲು ಸೂಪರ್‌ವೈಸರ್ ಎದ್ದು ನಿಲ್ಲಬೇಕಾಗಿತ್ತು.

ಹಾಗೆ ಎದ್ದು ನೋಡಿದ ಒಂದು ದಿನ ಮಹಾದೇವಿಯ ಮಷಿನ್ ಖಾಲಿ ಇತ್ತು. ಮಹಾಗಾಂವದಿಂದ ಬರುವ ಆಕೆ ನಮ್ಮಲ್ಲೆಲ್ಲ ಚುರುಕಿನವಳು. ಮರುದಿನವೂ ಬರಲಿಲ್ಲ, ಮೂರನೆಯ ದಿನವೂ ಇಲ್ಲ. ಆಕೆಯಿಲ್ಲದೆ ಹೊತ್ತಿಗೆ ಸರಿಯಾಗಿ ಬಟ್ಟೆ ಮುಗಿಯುವಂತಿರಲಿಲ್ಲ. ಸಂಜೆ ವಾಪಸಾಗುವಾಗ ಮಹಾಗಾಂವದಲ್ಲಿ ಇಳಿದು, ಕೇಳುತ್ತ ಕೇಳುತ್ತ ಆಕೆಯ ಮನೆಗೆ ಹೋದೆ. ಜಡ್ಡಾಗಿ ಮಲಗಿರಬಹುದೆಂದುಕೊಂಡಿದ್ದರೆ, ಪಡಸಾಲೆಯಲ್ಲಿ ಕುಳಿತು ಯಾರದೋ ಕುಪ್ಪಸ ಹೊಲಿಯುತ್ತಿದ್ದಳು. ಎದ್ದು ನೀರು ಕೊಟ್ಟಳು, ಮುಖ ಕೊಡಲಿಲ್ಲ.

"ಯಾಕವ್ವ, ಕೆಲಸಕ್ಕ ಬಂದಿಲ್ಲ?" ಎಂದೆ.

"ಬಂದು ಏನ್ ಮಾಡ್ಲಿ ಅಕ್ಕಾ? ನಾ ಹೊಲದಿದ್ದು ನೀವು ಬಿಚ್ಚಿ ಹೊಲೀತೀರಿ. ಒಂದಿನ ಮರತಬಿಟ್ಟಿದ್ದ ಬುತ್ತಿ ಒಯ್ಯಾಕ ಬಂದಾಗ ಕಣ್ಣಾರೆ ನೋಡೀನಿ."

ನಾನು ನೀರು ಕುಡಿದೆ. ಲೋಟ ಖಾಲಿಯಾದ ಮೇಲೂ ಸ್ವಲ್ಪ ಹೊತ್ತು ಕುಡಿದೆ.

"ನನ್ನ ಮಗಳು ನಾವು ಅಂಗಿ ಹೊಲಿಯೂ ಸಾಲಿಗೇ ಹೋಗ್ತಾಳ್ರಿ," ಎಂದಳು ಮಹಾದೇವಿ. "ಈ ಸಲ ನಿಮ್ಮೆಲ್ಲರ ಅಂಗಿ ನಮ್ಮವ್ವ ಹೊಲದಾಳ ಅಂತ ಗೆಳತೇರ ಮುಂದ ಹೇಳ್ಯಾಳ. ಈಗ ನಾ ಆಕಿಗಿ ಏನಂತ ಹೇಳ್ಲಿ? ತಪ್ಪಿದ್ರ ತಪ್ಪಂತ ಅನ್ರಿ. ಬೇಕಾದ್ರ ಬೈರಿ."

"ನನಗ ಬೈಯಾಕ ಬರಂಗಿಲ್ಲ."

"ಹಂಗಾದ್ರ ತೋರಸ್ರಿ. ಅದಾದ್ರೂ ಬರ್ತದಿಲ್ರಿ?"

ಎದುರಿಗೆ ಕೂರಿಸಿಕೊಂಡು ತಪ್ಪು ಹೇಳುವುದಕ್ಕಿಂತ ನೂರು ಕಾಲರ್ ಬಿಚ್ಚಿ ಹೊಲಿಯುವುದು ಸುಲಭ. ಅಲ್ಲಿಯವರೆಗೆ ಅದನ್ನು ನನ್ನ ಒಳ್ಳೆಯತನ ಎಂದೇ ತಿಳಿದಿದ್ದೆ. ಅದು ಅಂಜುಬುರುಕತನ ಎಂಬುದು ಆ ಪಡಸಾಲೆಯಲ್ಲಿ ಗೊತ್ತಾಯಿತು. ಅಷ್ಟರಲ್ಲಿ ಮಷಿನ್ ಮೇಲಿನ ಕುಪ್ಪಸ ಕಣ್ಣಿಗೆ ಬಿತ್ತು. ಕೈ ಎದ್ದೇಬಿಟ್ಟಿತ್ತು. ಆ ಕೈಯನ್ನು ಸೆರಗಿನೊಳಗೆ ಸುತ್ತಿ ಹಿಡಿದುಕೊಂಡು, "ಬಲಗಡಿ ಕೊರಳು ತುಸು ಜಗ್ಗೇದ ನೋಡವ್ವ," ಎಂದೆ. ಆಕೆ ಕುಪ್ಪಸವನ್ನು ಬೆಳಕಿಗೆ ಹಿಡಿದು, "ಹೌದಲ್ರೀ!" ಎಂದು ತಾನೇ ಬಿಚ್ಚಿ, ತಾನೇ ಹೊಲಿದಳು. ಐದು ನಿಮಿಷವೂ ಹಿಡಿಯಲಿಲ್ಲ. ಆಕಾಶ ಕಳಚಿಬೀಳಲಿಲ್ಲ. ಮರುದಿನ ಕೆಲಸಕ್ಕೂ ಬಂದಳು.

ಆಮೇಲಿನ ದಿನಗಳಲ್ಲಿ ನಾನು ಪಟ್ಟ ಸಂಕಟ ನನಗೇ ಗೊತ್ತು. ವಾರೆಯಾದದ್ದನ್ನು ಮುಟ್ಟದೆ, ಹೊಲಿದವಳನ್ನೇ ಕರೆದು ತೋರಿಸಿ, ಆಕೆ ಬಿಚ್ಚುವವರೆಗೆ ಕೈಕಟ್ಟಿ ಕೂರಬೇಕು. ಮೊದಲ ವಾರ ಒಬ್ಬಿಬ್ಬರು ಮುನಿಸಿಕೊಂಡರು, ಒಬ್ಬಳು ಅತ್ತಳು. ಎರಡನೆಯ ವಾರ ಮೇಜಿನ ಮೇಲಿನ ರಾಶಿ ಇಳಿಯಿತು. ಮಹಾದೇವಿಯಂತೂ ರಟ್ಟಿನ ಅಚ್ಚು ಕತ್ತರಿಸಿ, ಗುರುತು ಹಾಕಿಕೊಂಡು ಕಾಲರ್ ಕೂಡಿಸುವ ಹೊಸ ಉಪಾಯ ಹುಡುಕಿದಳು. ಅದು ನನ್ನ ವಿಧಾನಕ್ಕಿಂತ ಚೆನ್ನಾಗಿತ್ತು. ಹಾಗೆಂದು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾದವು. ಶಾಲೆ ತೆರೆಯುವ ಎರಡು ದಿನ ಮೊದಲೇ ಬಟ್ಟೆಯೆಲ್ಲ ಹೋಗಿ ಮುಟ್ಟಿತು.

ಗುರುಪಾದಪ್ಪನವರಿಗೆ ಇದೆಲ್ಲ ಹೇಗೋ ತಿಳಿದು, ಮೊನ್ನೆ ಕಲಬುರಗಿಯಲ್ಲಿ ಹೊಸ ಸೂಪರ್‌ವೈಸರ್‌ಗಳ ಮುಂದೆ ಮಾತನಾಡಲು ನನ್ನನ್ನೇ ನಿಲ್ಲಿಸಿದರು. ಇನ್ನೊಬ್ಬರ ಕೆಲಸವನ್ನು ಕಸಿದುಕೊಳ್ಳಬಾರದೆಂದು ಅರ್ಧ ಗಂಟೆ ಹೇಳಿದೆ; ಚೆನ್ನಾಗಿಯೇ ಹೇಳಿದೆ ಅನ್ನಿಸುತ್ತದೆ. ತಾಜಸುಲ್ತಾನಪುರದಿಂದ ಬಂದ ಹೆಣ್ಣುಮಗಳೊಬ್ಬಳನ್ನು ಕರೆದು, ನಾನು ಹೇಳಿದ್ದರ ಸಾರವನ್ನು ಹಲಗೆಯ ಮೇಲೆ ಬರೆ ಎಂದೆ. ಪಾಪ, ಸಾಲು ಬರುಬರುತ್ತ ಕೆಳಗೆ ಇಳಿಯುತ್ತಿತ್ತು. ಎಲ್ಲರೂ ನಗತೊಡಗಿದಾಗಲೇ ನನಗೆ ಎಚ್ಚರವಾದದ್ದು. ಅರ್ಧ ಸಾಲು ಒರೆಸಿಯಾಗಿತ್ತು, ಸೀಮೆಸುಣ್ಣ ನನ್ನ ಕೈಯಲ್ಲಿತ್ತು. ಆ ಹೆಣ್ಣುಮಗಳು ಪಕ್ಕಕ್ಕೆ ಸರಿದು ನಿಂತು ಬಹಳ ಮರ್ಯಾದೆಯಿಂದ ಕೇಳಿದಳು: "ಅಕ್ಕಾರ, ನಾ ಇನ್ನ ಹೋಗಿ ಕೂಡ್ಲೇನ್ರೀ?"