ಸೋತ ಬಸ್ಸಿಗೂ ಸಮಪಾಲು

ನನ್ನ ಅಣ್ಣನಷ್ಟು ಕೋಪಿಷ್ಠ ಡ್ರೈವರ್ ಬಂಟ್ವಾಳ–ಬೆಳ್ತಂಗಡಿ ಮಾರ್ಗದಲ್ಲಿ ಇನ್ನೊಬ್ಬನಿರಲಿಲ್ಲ. ಅವನ ಬಸ್ಸಿಗೆ ಹಾರ್ನು ದಂಡ, ಬಾಯಿಯೇ ಸಾಕಿತ್ತು. ಅಡ್ಡ ಬಂದ ಎಮ್ಮೆಯನ್ನು ಬೈದರೆ ಒಪ್ಪಬಹುದು. ಇವನು ಎಮ್ಮೆಯನ್ನು ಬಿಟ್ಟು, ಅದರ ಯಜಮಾನನ ಮನೆಯೆದುರು ಬಸ್ಸು ನಿಲ್ಲಿಸಿ, ಆತ ಹೊರಗೆ ಬರುವ ತನಕ ಬೈಯುತ್ತಿದ್ದ. ಟಿಕೇಟಿನ ಹಣದಲ್ಲೇ ನಾಟಕವೂ ಸೇರಿತ್ತು!

ಅದೇ ಬಸ್ಸಿಗೆ ನಾನು ಕಂಡಕ್ಟರ್. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ಚಿಲ್ಲರೆ ಎಣಿಸುವುದರಲ್ಲಿ ಮಾತ್ರ ಬಹಳ ಜಾಣ.

ಆಗಿನ್ನೂ ಆಣೆಯ ಕಾಲ. ಬೆಳ್ತಂಗಡಿಗೆ ಇಬ್ಬರು ಧನಿಗಳ ಎರಡು ಬಸ್ಸು, ಐದೇ ನಿಮಿಷದ ಅಂತರ. ನಡುದಾರಿಯ ಪುಂಜಾಲಕಟ್ಟೆಯಲ್ಲಿ ಗುಂಪಾಗಿ ಕಾಯುವ ಜನ ಮೊದಲು ಬಂದ ಬಸ್ಸಿಗೆ ಹತ್ತುತ್ತಿದ್ದರು. ಮತ್ತೆ ಕೇಳಬೇಕೇ? ದಿನಾ ಓಟ. ಗೆದ್ದ ಬಸ್ಸಿನ ಧನಿ ಕಲೆಕ್ಷನ್ ನೋಡಿ ಎಂಟಾಣೆಯೋ ಎರಡು ರೂಪಾಯಿಯೋ ಇನಾಮು ಕೊಡುತ್ತಿದ್ದರು. ಓಡುವವರ ಕುತ್ತಿಗೆ ಹೋಗಲಿ ಬರಲಿ, ಪೆಟ್ಟಿಗೆ ತುಂಬುವುದು ಮಾತ್ರ ಧನಿಗಳದ್ದು. ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಒಂದು ದಿನ ಅಣ್ಣ ನಮ್ಮ ಧನಿಗಳ ಜಗಲಿಗೇ ಹೋಗಿ, ಪುಂಜಾಲಕಟ್ಟೆಯ ಕಲೆಕ್ಷನ್ನಿನಲ್ಲಿ ಓಡಿಸುವವರಿಗೆ ಪಾಲು ಬೇಕೆಂದ. ಅಷ್ಟಕ್ಕೆ ನಿಲ್ಲಿಸಬಾರದೇ? ಸೋತ ಬಸ್ಸಿನವರಿಗೂ ಅಷ್ಟೇ ಬೇಕೆಂದ! ಧನಿಗಳು ಬಾಯಲ್ಲಿದ್ದ ಎಲೆಯಡಿಕೆ ಉಗುಳುವುದನ್ನೇ ಮರೆತರು.

“ಸೋತವನಿಗೆ ಯಾಕೋ?”

“ಅವ ಓಡದಿದ್ದರೆ ನಾನು ಯಾರನ್ನು ಸೋಲಿಸುವುದು, ಧನಿ? ಓಟ ಇಬ್ಬರದ್ದು.”

ಧನಿಗಳು ಮೆಟ್ಟಿಲು ತೋರಿಸಿದರು. ಇನ್ನು ಈ ಜಗಲಿ ಹತ್ತುವುದಿಲ್ಲವೆಂದು ಅಣ್ಣ ಆಣೆ ಹಾಕಿ ಇಳಿದ. ಅಂದಿನಿಂದ ಇನಾಮು ತರುವ ಕೆಲಸ ನನ್ನ ಪಾಲಿಗೆ ಬಂತು.

ಧನಿಗಳು ಹಂಚದಿದ್ದರೆ ನಾವೇ ಹಂಚುವ ಎಂದು ಅಣ್ಣ, ಎದುರಾಳಿ ಬಸ್ಸಿನ ಡ್ರೈವರ್ ಇದಿನಬ್ಬನ ಜೊತೆ ಒಪ್ಪಂದ ಮಾಡಿಕೊಂಡ. ಯಾರೇ ಗೆಲ್ಲಲಿ, ಇನಾಮು ಪುಂಜಾಲಕಟ್ಟೆಯ ಹೋಟೆಲಿನ ಬಿಸ್ಕೂಟು ಡಬ್ಬಿಗೆ. ಶನಿವಾರ ಇಬ್ಬರು ಡ್ರೈವರು, ಇಬ್ಬರು ಕಂಡಕ್ಟರಿಗೆ ಸಮನಾಗಿ ನಾಲ್ಕು ಪಾಲು. ಅಣ್ಣನ ನಿಯತ್ತು ಎಂಥದ್ದೆಂದರೆ, ಒಮ್ಮೆ ಇದಿನಬ್ಬನ ಬಸ್ಸು ಪಂಕ್ಚರ್ ಆದಾಗ ಜಾಕು ಕೊಡಲು ನಮ್ಮ ಬಸ್ಸನ್ನೇ ನಿಲ್ಲಿಸಿದ. ನಮ್ಮ ಬಸ್ಸಿನಲ್ಲಿ ಪೇಟ ಕಟ್ಟಿಕೊಂಡ ಮದುಮಗ! ಮುಹೂರ್ತ ಮೀರುತ್ತದೆಂದು ಅವನ ಮಾವ ಕೂಗಾಡಿದರೆ ಅಣ್ಣನ ಉತ್ತರ: “ಮದುಮಗ ಇಲ್ಲೇ ಇದ್ದಾನಲ್ಲ, ಮುಹೂರ್ತ ಅವನನ್ನು ಬಿಟ್ಟು ಎಲ್ಲಿಗೆ ಹೋಗ್ತದೆ? ಕೂತುಕೊಳ್ಳಿ.”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ವಾರದಲ್ಲಿ ನಾಲ್ಕು ದಿನ ಗೆಲ್ಲುವವರು ನಾವು. ಎರಡು ದಿನ ಗೆದ್ದವರಿಗೂ ನಮ್ಮಷ್ಟೇ ಪಾಲು ಯಾವ ನ್ಯಾಯ? ಧನಿಗಳು ಎರಡು ರೂಪಾಯಿ ಕೊಟ್ಟ ದಿನ ನಾನು ಎಂಟಾಣೆ ಎಂದು ಹೇಳತೊಡಗಿದೆ. ಉಳಿದದ್ದು ನನ್ನ ಕಿಸೆಗೆ. ಅದನ್ನು ಕಳ್ಳತನ ಎಂದು ನಾನು ಕರೆಯಲಿಲ್ಲ. ಯಾವ ಕಳ್ಳ ಕರೆಯುತ್ತಾನೆ?

ನಮ್ಮ ಧನಿಗಳಿಗೆ ಜಂಬ ಹೆಚ್ಚು. ಬಂಟ್ವಾಳದ ಪೇಟೆಯಲ್ಲಿ ತಮ್ಮ ಉದಾರತೆಯನ್ನು ತಾವೇ ಸಾರಿದರು. ಮುಂದಿನ ಶನಿವಾರ ಇದಿನಬ್ಬ ಡಬ್ಬಿ ಮುಚ್ಚಿ ಅಣ್ಣನನ್ನು ನೋಡಿದ.

“ನಿಮ್ಮ ಧನಿ ಎರಡು ರೂಪಾಯಿ ಕೊಡ್ತಾರಂತೆ. ಇದಕ್ಕೆ ಬೀಳುವುದು ಎಂಟಾಣೆ. ಹೇಗೆ ಮಾರಾಯ?”

ಅಣ್ಣ ನನ್ನತ್ತ ತಿರುಗಿದ. ನನ್ನ ಮುಖ ಅವನಿಗೆ ಎಲ್ಲ ಹೇಳಿರಬೇಕು. ಇಡೀ ಪುಂಜಾಲಕಟ್ಟೆಯೆದುರು ಕೆನ್ನೆಗೆ ಬೀಳುತ್ತದೆಂದು ಕಣ್ಣು ಮುಚ್ಚಿದೆ.

“ಇವ ಸರಿಯಾಗಿಯೇ ತಂದು ಕೊಟ್ಟಿದ್ದಾನೆ,” ಎಂದ ಅಣ್ಣ. “ನಡುವೆ ತೆಗೆದದ್ದು ನಾನು.”

ಇದಿನಬ್ಬ ಅರ್ಧ ಕುಡಿದ ಚಹಾ ಬಿಟ್ಟು ಎದ್ದು ಹೋದ. ಒಪ್ಪಂದ ಅಲ್ಲಿಗೆ ಮುಗಿಯಿತು. ಇಡೀ ಲೈನಿನಲ್ಲಿ ಅಣ್ಣ ‘ಸಮಪಾಲಿನ ಕಳ್ಳ’ನಾದ. ‘ಅಲ್ಲ, ನಾನೇ’ ಎನ್ನಲು ನನಗೆ ಎರಡು ಮಾತು ಸಾಕಿತ್ತು. ನಾನು ಹೇಳಲಿಲ್ಲ. ಅಂದೂ ಹೇಳಲಿಲ್ಲ, ಅವನು ಇರುವ ತನಕವೂ ಹೇಳಲಿಲ್ಲ. ಧನಿಗಳ ಮೇಲಿನ ಕೋಪವೆಲ್ಲ ಈಗ ನನ್ನ ಮೇಲೆಯೇ ತಿರುಗಿದೆ, ತಿರುಗಲಿ.

ಅಂದು ಬಸ್ಸು ಹೊರಟಾಗ ನಾನು ಹಿಂದಿನ ಬಾಗಿಲಲ್ಲಿ ಟಿಕೇಟು ಪುಸ್ತಕ ಹಿಡಿದು ನಿಂತಿದ್ದೆ. ಕಣ್ಣೀರು ನಿಲ್ಲುತ್ತಿರಲಿಲ್ಲ. ಅಣ್ಣ ಕನ್ನಡಿಯಲ್ಲಿ ನೋಡಿದ.

“ಟಿಕೇಟು ಒದ್ದೆ ಆಗ್ತದೆ ಮಾರಾಯ,” ಎಂದ. “ಮುಂದೆ ಬಾ. ನನ್ನ ಹತ್ತಿರ ಕೂತುಕೋ.”