ಮೂರು ಎಕ್ಕ, ಎರಡು ಪಾಸು

ಈ ಲೋಕದಲ್ಲಿ ತಮ್ಮಷ್ಟು ತಿಳಿದವರು ಇನ್ನೊಬ್ಬರು ಇರಬಹುದು ಎಂಬ ಅನುಮಾನ ತಿಪಟೂರಿನ ಗಂಗಾಧರ್ ಮೇಷ್ಟರಿಗೆ ಅರವತ್ತೆರಡು ವರ್ಷದಲ್ಲಿ ಒಂದು ಸಲವೂ ಬಂದಿರಲಿಲ್ಲ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಲೆಕ್ಕ ಹೇಳಿಕೊಟ್ಟವರು. ಹೇಳಿಕೊಟ್ಟರು ಅನ್ನುವುದಕ್ಕಿಂತ, ನಿಮಗೆ ಲೆಕ್ಕ ಬರುವುದಿಲ್ಲ ಎಂದು ಊರಿನ ಎರಡು ತಲೆಮಾರಿಗೆ ಮನವರಿಕೆ ಮಾಡಿಕೊಟ್ಟರು ಅನ್ನುವುದು ಸರಿ. ನೂರಕ್ಕೆ ಮೂವತ್ತೈದು ಬಂದರೆ ಪಾಸು. ಮೂವತ್ತನಾಲ್ಕು ಬಂದ ಹುಡುಗನಿಗೆ ಇನ್ನೊಂದು ಹಾಕಿ ಎಂದು ಹೆಡ್ಮಾಸ್ಟರೇ ಕೇಳಿಕೊಂಡಾಗ, "ಆ ಒಂದನ್ನ ಎಲ್ಲಿಂದ ತರ್ಲಿ ಸಾರ್, ಸಂತೆಯಿಂದಲಾ?" ಎಂದು ಕೇಳಿದ ಮಹಾನುಭಾವರು.

ಇಂಥವರು ರಿಟೈರ್ ಆದ ಮೇಲೆ ಸುಮ್ಮನೆ ಕೂರುತ್ತಾರೆಯೇ? ಊರಿನವರೆಲ್ಲ ರಮ್ಮಿ, ಇಪ್ಪತ್ತೆಂಟು ಆಡಿಕೊಂಡು ಸುಖವಾಗಿದ್ದರೆ ಇವರು ನಾನೂರು ಪುಟದ ಒಂದು ಹಳೇ ಪುಸ್ತಕ ತಂದು ಬ್ರಿಡ್ಜ್ ಕಲಿತರು. "ಇಪ್ಪತ್ತೆಂಟು ಆಡೋದಕ್ಕೆ ಕೈ ಇದ್ರೆ ಸಾಕು, ಬ್ರಿಡ್ಜ್ ಆಡೋದಕ್ಕೆ ತಲೆ ಬೇಕು" ಎಂದು ಬೀದಿಯ ಜನಕ್ಕೆಲ್ಲ ಹೇಳಿದ್ದರಿಂದ ಬೀದಿಯ ಜನ ತಲೆ ತಪ್ಪಿಸಿಕೊಂಡರು. ಕೊನೆಗೆ ಸಿಕ್ಕಿದ್ದು ಹೆಂಡತಿ ನಿರ್ಮಲಾ. ಅವರನ್ನು ಎದುರಿಗೆ ಕೂರಿಸಿಕೊಂಡು, ಉಳಿದ ಇಬ್ಬರ ಎಲೆಗಳನ್ನೂ ತಾವೇ ಆಡಿ, ತಮ್ಮನ್ನು ತಾವೇ ಸೋಲಿಸಿ, ಅದಕ್ಕೂ ತಾವೇ ಬೀಗುತ್ತಿದ್ದರು. ಬೇರೆ ಮನುಷ್ಯರ ಜೊತೆ ಅವರು ಆಡಿದ್ದೇ ಇಲ್ಲ. ಆಡುವ ಯೋಗ್ಯತೆ ಇರುವವರು ತಾಲ್ಲೂಕಿನಲ್ಲಿ ಇರಲಿಲ್ಲವಂತೆ.

ಬ್ರಿಡ್ಜ್ ಗೊತ್ತಿಲ್ಲದವರು ಹೆದರಬೇಡಿ, ಕತೆಗೆ ಬೇಕಾದಷ್ಟು ಹೇಳಿಬಿಡುತ್ತೇನೆ. ನಾಲ್ಕು ಜನ, ಎದುರುಬದುರು ಕೂತವರು ಒಂದು ಜೋಡಿ. ತಲೆಗೆ ಹದಿಮೂರು ಎಲೆ. ಆಟಕ್ಕೆ ಮುಂಚೆ ಹರಾಜು: ಇಂಥ ಬಣ್ಣ ತುರುಪು ಆದರೆ ಇಷ್ಟು ಸುತ್ತು ಗೆಲ್ಲುತ್ತೇವೆ ಎಂದು ಕೂಗಬೇಕು. ಕೈಯಲ್ಲಿ ಸರಕು ಇಲ್ಲದವನು ಮರ್ಯಾದೆಯಾಗಿ 'ಪಾಸ್' ಅನ್ನಬೇಕು. ಇನ್ನೊಂದು ವಿಷಯ, ನಾಲ್ಕು ಎಂದು ಕೂಗಿದರೆ ಹತ್ತು ಸುತ್ತು ಗೆಲ್ಲಬೇಕು. (ಯಾಕೆ ಎಂದು ಕೇಳಬೇಡಿ. ಹಾಗೆ ಕೇಳಿದ್ದಕ್ಕೆ ನಿರ್ಮಲಮ್ಮ ಹದಿನೈದು ದಿನ ಬೈಸಿಕೊಂಡಿದ್ದಾರೆ.)

ಈಗ ಸಂಕಟದ ವಿಷಯಕ್ಕೆ ಬರೋಣ. ಮೇಷ್ಟರ ಮಗಳು ನಯನ ಕಾಲೇಜಿನಲ್ಲಿ ಲೆಕ್ಚರರ್. ಅವಳಿಗೆ ಬಂದ ಎರಡು ಸಂಬಂಧ ಮೇಷ್ಟರ ಬಾಯಿಂದಲೇ ಮುರಿದು ಬಿದ್ದಿದ್ದವು. ದಬ್ಬೇಘಟ್ಟದವರು ಗೋಡೆಯ ಕಪಾಟಿನಲ್ಲಿದ್ದ ಪುಸ್ತಕ ನೋಡಿ, "ಬ್ರಿಡ್ಜು ಅಂದ್ರೆ ಸೇತುವೆ ಕಟ್ಟೋದಾ ಮೇಷ್ಟ್ರೇ?" ಎಂದು ಕೇಳಿದರು. ಮೇಷ್ಟರು ನಕ್ಕರು. ಐದು ನಿಮಿಷ ನಕ್ಕರು. ಬಂದವರು ಕಾಫಿ ಲೋಟ ಕೆಳಗಿಟ್ಟು ಎದ್ದು ಹೋದರು. ತುರುವೇಕೆರೆಯವರ ಹುಡುಗನಿಗೆ ಮೇಷ್ಟರು ಹದಿನೇಳರ ಮಗ್ಗಿ ಕೇಳಿದರು, ಅವನು ಹದಿನೇಳು ಎಂಟಕ್ಕೆ ನಿಂತ. ಸಂಬಂಧವೂ ಅಲ್ಲೇ ನಿಂತಿತು.

ಮೂರನೆಯದು ಹುಳಿಯಾರಿನ ಜ್ಞಾನೇಶ್. ತೋಟಗಳಿಗೆ ಡ್ರಿಪ್ ಪೈಪು ಹಾಕಿಸುವ ಅಂಗಡಿ ಇಟ್ಟಿದ್ದಾನೆ. ಹುಡುಗ ಹುಡುಗಿ ಮೊದಲೇ ಮಾತಾಡಿಕೊಂಡು ಒಪ್ಪಿಯಾಗಿತ್ತು. ಭಾನುವಾರ ಅವನ ಅಪ್ಪ ಆಂಜನಪ್ಪ, ಅಮ್ಮ ಮಂಗಳಮ್ಮ ಮನೆ ನೋಡಲು ಬರುವವರಿದ್ದರು. ಒಪ್ಪಿಗೆಯಾದರೆ ಎಲೆ ಹಾಕಿಸಿಕೊಂಡು ಉಣ್ಣುತ್ತಾರೆ, ಇಲ್ಲದಿದ್ದರೆ ಕಾಫಿ ತಿಂಡಿಗೇ ಎದ್ದು ಹೋಗುತ್ತಾರೆ. ನಮ್ಮ ಕಡೆಯ ಹಿರಿಯರ ಪದ್ಧತಿ ಅದು.

"ಅಪ್ಪಾ, ಇದೂ ಕೆಟ್ರೆ ನಾನು ಇನ್ನೊಬ್ರ ಮುಂದೆ ಕಾಫಿ ಹಿಡ್ಕೊಂಡು ಬರಲ್ಲ, ಹೇಳಿದೀನಿ" ಎಂದಳು ನಯನ. ಅವಳ ಕಣ್ಣಲ್ಲಿ ನೀರಿತ್ತು. ಮೇಷ್ಟರಿಗೂ ಕರುಳು ಚುರುಕ್ ಎಂದಿತು. ತಿರಸ್ಕಾರ ತುಂಬಿದ ಮನುಷ್ಯನಿಗೂ ಮಗಳು ಮಗಳೇ.

ಭಾನುವಾರ ಹನ್ನೊಂದು ಗಂಟೆಗೆ ಹುಳಿಯಾರಿನವರು ಬಂದರು. ಆಂಜನಪ್ಪ ಅಂದರೆ ದುಂಡಗಿನ ದೇಹ, ಬಿಳಿ ಪಂಚೆ, ಮಾತಿಗೊಂದು ನಗು. ಮೇಷ್ಟರು ಒಂದೇ ನೋಟಕ್ಕೆ ಅವರಿಗೆ ನೂರಕ್ಕೆ ಇಪ್ಪತ್ತೆರಡು ಕೊಟ್ಟರು. ಆಂಜನಪ್ಪನವರ ಕಣ್ಣು ಕಪಾಟಿನ ಮೇಲೆ ಬಿತ್ತು.

"ಓ, ಬ್ರಿಜ್ಜು! ನಂಗೂ ಒಸಿ ಬತ್ತದೆ ಕಣ್ರೀ ಮೇಷ್ಟ್ರೇ. ನಮ್ಮನೆಯೋಳಿಗೂ ಕಲ್ಸಿದೀನಿ. ಒಂದೆರಡು ಆಟ ಹಾಕವಾ?"

ನಿರ್ಮಲಮ್ಮ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟರು. "ಒಂದ್ನಿಮಿಷ ಬರ್ತೀವಿ" ಎಂದು ಗಂಡನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು.

"ರೀ, ಇವತ್ತು ನೀವು ಗೆಲ್ಲಕೂಡದು."

"ನಾನು ಗೆಲ್ಲೋದಲ್ಲ ಕಣೇ, ಅವ್ರು ಸೋಲೋದು. 'ಬ್ರಿಜ್ಜು' ಅಂತಾರೆ, ಕೇಳಿಸ್ಕೊಂಡ್ಯಾ?"

"ಅದೇ ಈ ನಾಲ್ಗೆನೇ! ಅಟ್ಟದ ಕೊಬ್ಬರಿಕಾಯಿ ಆದ್ರೂ ಒಂದು ವರ್ಷ ಒಣಗಿದ್ಮೇಲೆ ಸದ್ದು ಮಾಡುತ್ತೆ, ನೀವು ಮುಟ್ಟಿದ್ರೆ ಸಾಕು ಗಡಗಡ ಅಂತೀರ. ಬಾಯಿ ಬಿಟ್ರೆ 'ಪಾಸ್' ಅನ್ಬೇಕು. ಬೇರೆ ಮಾತು ಬರಕೂಡದು."

"ಒಳ್ಳೇ ಎಲೆ ಬಿದ್ರೆ?"

"ಬಿದ್ರೂ ಪಾಸ್. ಮೂವತ್ತು ವರ್ಷ ಯಾರನ್ನೂ ಪಾಸ್ ಮಾಡ್ಲಿಲ್ಲ, ಇವತ್ತು ಅದೆಲ್ಲ ತೀರಿಸಿಬಿಡಿ."

ಆಟ ಶುರುವಾಯಿತು. ಆಂಜನಪ್ಪನವರ ಆಟ ನೋಡಿ ಮೇಷ್ಟರಿಗೆ ರೇಗಿಹೋಯಿತು. ಯಾವಾಗ ನೋಡಿದರೂ ಕೈಮೀರಿ ಕೂಗುವುದು, ಗೆಲ್ಲುವ ಎಲೆ ಬಿಟ್ಟು ಇನ್ನೊಂದು ಹಾಕುವುದು, ಸೋತು ಹಹ್ಹಹ್ಹ ಎಂದು ನಗುವುದು! ಅಲ್ಪರ ಸಂಗ ಅಭಿಮಾನ ಭಂಗ ಎಂದು ಮೇಷ್ಟರು ಮನಸ್ಸಿನಲ್ಲೇ ಅಂದುಕೊಂಡು, ಬಾಯಲ್ಲಿ ಪಾಸ್ ಅಂದರು. ಅಷ್ಟು ಪಾಸ್ ಅಂದರೂ ಹೇಗೋ ಮೇಷ್ಟರ ಜೋಡಿಯೇ ಮುಂದಿತ್ತು. ಅಂಥ ದಡ್ಡನಿಗೆ ಸೋಲುವುದು ಎಷ್ಟು ಕಷ್ಟ ಎಂದು ಅವರಿಗೆ ಅಂದೇ ತಿಳಿದದ್ದು.

ಹನ್ನೆರಡೂವರೆಗೆ ಮಂಗಳಮ್ಮ, "ಇದೊಂದು ಆಟ ಸಾಕು ಬುಡಿ" ಅಂದರು. ಆಂಜನಪ್ಪ ಎಲೆ ಹಂಚಿದರು. ಮೇಷ್ಟರು ತಮ್ಮ ಹದಿಮೂರನ್ನೂ ಎತ್ತಿ, ಬಿಡಿಸಿ ನೋಡಿ, ಮತ್ತೆ ಮುಚ್ಚಿ, ಕನ್ನಡಕ ಒರೆಸಿಕೊಂಡು ಮತ್ತೆ ಬಿಡಿಸಿದರು.

ಇಸ್ಪೀಟಿನಲ್ಲಿ ಎಕ್ಕ, ರಾಣಿ. ಆಟೀನಿನಲ್ಲಿ ಎಕ್ಕ, ರಾಜ. ಡೈಮಂಡಿನಲ್ಲಿ ಎಕ್ಕ, ರಾಜ. ಪುಸ್ತಕದ ಪ್ರಕಾರ ಎಕ್ಕಕ್ಕೆ ನಾಲ್ಕು ಪಾಯಿಂಟು, ರಾಜನಿಗೆ ಮೂರು, ರಾಣಿಗೆ ಎರಡು. ಸಾಮಾನ್ಯ ಮನುಷ್ಯನಿಗೆ ಬರುವುದು ಹತ್ತು. ಮೇಷ್ಟರ ಕೈಯಲ್ಲಿ ಇಪ್ಪತ್ತು! ಮೂರು ಎಕ್ಕ! ಒಂದು ಸಂಸಾರ ಎಕ್ಕುಟ್ಟಿ ಹೋಗಲು ಅಷ್ಟು ಬೇಕಾಗಿಯೂ ಇರಲಿಲ್ಲ.

"ಒಂದು ಇಸ್ಪೀಟು" ಎಂದು ಆಂಜನಪ್ಪ ಹರಾಜು ಶುರು ಮಾಡಿದರು. ಮುಂದಿನ ಸರದಿ ಮೇಷ್ಟರದು.

ಅಯ್ಯೋ, ಆ ಅರ್ಧ ನಿಮಿಷ! ಎದುರಾಳಿ ಬಾಯಿ ಬಿಟ್ಟಾಗ ಇಂಥ ಕೈ ಇರುವವನು 'ಡಬಲ್' ಅನ್ನಬೇಕು ಎಂದು ನೂರ ಅರವತ್ತೆರಡನೇ ಪುಟ ಸಾರಿ ಸಾರಿ ಹೇಳುತ್ತದೆ. ಹಾಗೆ ಅಂದರೆ ಸಂಗಾತಿ ತನ್ನ ಒಳ್ಳೆಯ ಬಣ್ಣ ಹೇಳುತ್ತಾಳೆ, ಆಮೇಲೆ ವಿಜಯಯಾತ್ರೆ. ಡಬಲ್ ಎಂಬ ಮಾತು ಮೇಷ್ಟರ ಗಂಟಲಿನಿಂದ ನಾಲಿಗೆಗೆ, ನಾಲಿಗೆಯಿಂದ ಹಲ್ಲಿಗೆ ಬಂದು ನಿಂತಿತು. ಮೇಜಿನ ಕೆಳಗೆ ನಿರ್ಮಲಮ್ಮನ ಹಿಮ್ಮಡಿ ಅವರ ಕಾಲ್ಬೆರಳಿನ ಮೇಲೆ ಬಂದು ನಿಂತಿತು. ಬಾಗಿಲ ಸಂದಿಯಲ್ಲಿ ನಯನಳ ಮುಖ ಕಂಡಿತು. ಇರಲಿ, ಪಾಪ, ಹುಳಿಯಾರಿನ ಬಡಪಾಯಿ ಒಂದು ಆಟ ಗೆದ್ದುಕೊಂಡು ಹೋಗಲಿ, ಆನೆ ಕೈಯಲ್ಲಿದ್ದವನು ಆಡಿಗೆ ದಾರಿ ಬಿಟ್ಟರೆ ಆನೆಗೇನು ನಷ್ಟ ಎಂದುಕೊಂಡರು.

"ಪಾಸ್."

ಮಂಗಳಮ್ಮ "ಎರಡು ಇಸ್ಪೀಟು" ಅಂದರು. ನಿರ್ಮಲಮ್ಮ ಪಾಸ್. ಆಂಜನಪ್ಪ ತೊಡೆ ತಟ್ಟಿ, "ನಾಲ್ಕು ಇಸ್ಪೀಟು!" ಎಂದು ಕೂಗಿಬಿಟ್ಟರು. ಹದಿಮೂರರಲ್ಲಿ ಹತ್ತು ಸುತ್ತು! ಮೇಷ್ಟರು ಇನ್ನೊಂದು ಸಲ ತಮ್ಮ ಮೂರು ಎಕ್ಕಗಳ ಮುಖ ನೋಡಿ, ಸತ್ತವರಿಗೆ ನೀರು ಬಿಡುವ ಧ್ವನಿಯಲ್ಲಿ ಎರಡನೇ ಪಾಸ್ ಅಂದರು.

ಆಗ ಹೊಳೆಯಿತು ನೋಡಿ ಲೆಕ್ಕ. ಆಂಜನಪ್ಪ ಗೆಲ್ಲಬೇಕಾದರೆ ಮೂರು ಸುತ್ತಿಗಿಂತ ಹೆಚ್ಚು ಬಿಡುವಂತಿಲ್ಲ. ಮೇಷ್ಟರ ಕೈಯಲ್ಲಿ ಕೂತಿರುವುದು ಆರು! ಬಾಯಿ ಬಿಟ್ಟು ಡಬಲ್ ಅಂದಿದ್ದರೆ ಆ ಮನುಷ್ಯ ಎಚ್ಚೆತ್ತು ಹಿಂದೆ ಸರಿಯುತ್ತಿದ್ದ. ಸುಮ್ಮನಿದ್ದು ಸುಮ್ಮನಿದ್ದು ಮೇಷ್ಟರು ಬೀಗರಾಗುವವರನ್ನು ಗುಂಡಿಗೆ ತಳ್ಳಿದ್ದರು. ಹೆಂಡತಿಯ ಮಾತು ಕೇಳಿದ್ದಕ್ಕೆ ಹೀಗಾಯಿತಲ್ಲ ಎಂದು ಮನಸ್ಸಿನಲ್ಲೇ ಹಲುಬಿದರು.

ಸರಿ, ದೊಡ್ಡ ಎಲೆ ಬಚ್ಚಿಟ್ಟು ಚಿಕ್ಕವು ಹಾಕುತ್ತಾ ಹೋದರು. ಆಂಜನಪ್ಪ ಇಸ್ಪೀಟು ಹತ್ತು ಹಾಕಿದರೆ, ಎಕ್ಕ ರಾಣಿ ಎರಡೂ ಇದ್ದ ಮೇಷ್ಟರು ಮೂರು ಹಾಕಿದರು. ಸುತ್ತು ಗೆದ್ದ ಆಂಜನಪ್ಪನವರ ಮುಖ ಯಾಕೋ ಬಾಡಿತು. ಗೆದ್ದದ್ದೂ ಗೊತ್ತಾಗುವುದಿಲ್ಲ ಈ ಪ್ರಾಣಿಗೆ ಎಂದುಕೊಂಡರು ಮೇಷ್ಟರು. ಹೀಗೆ ಏಳು ಸುತ್ತು ಬಿಟ್ಟುಕೊಟ್ಟರು. ಎಂಟನೇ ಸುತ್ತಿಗೆ ಕೈ ನೋಡಿಕೊಂಡರೆ ಉಳಿದಿರುವ ಆರೂ ಎಲೆ ಎಕ್ಕ, ರಾಜ, ರಾಣಿಗಳೇ! ಚಿಕ್ಕದೆನ್ನುವುದು ಒಂದೂ ಇಲ್ಲ.

ಇನ್ನೇನು ಮಾಡುವುದು? ಬೇಡ ಬೇಡವೆಂದರೂ ಗೆದ್ದರು. ಆಟೀನು ಎರಡು, ಡೈಮಂಡು ಎರಡು. ಇಸ್ಪೀಟು ಎಕ್ಕ ಹಾಕಿದಾಗ ರಾಜ, ಗುಲಾಮ ಎರಡೂ ಇದ್ದ ಆಂಜನಪ್ಪ ಗುಲಾಮನನ್ನು ಉಳಿಸಿಕೊಂಡು ರಾಜನನ್ನು ಎಕ್ಕದ ಕೆಳಗೆ ಒಪ್ಪಿಸಿದರು. ಮೂರನೇ ಕ್ಲಾಸಿನ ಮಗುವೂ ಹಾಗೆ ಮಾಡುವುದಿಲ್ಲ. ಕೊನೆಗೆ ಮೇಷ್ಟರ ರಾಣಿ ಆ ಗುಲಾಮನನ್ನೂ ನುಂಗಿತು. ಹತ್ತು ಗೆಲ್ಲುತ್ತೇನೆಂದ ಆಂಜನಪ್ಪನಿಗೆ ಬಂದದ್ದು ಏಳು.

 ನಯನ ಬಾಗಿಲ ಹಿಂದೆ ಸರಿದಳು. ನಿರ್ಮಲಮ್ಮ ಗಂಡನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವಂತಿಲ್ಲ. ಮಂಗಳಮ್ಮ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಹೊರಟರು ಎಂದುಕೊಂಡು ಮೇಷ್ಟರು ಕಣ್ಣು ಮುಚ್ಚಿಕೊಂಡರು.

"ಈ ಎಲೆ ಎತ್ತಿಡ್ರಿ ಸಾಕು" ಅಂದರು ಮಂಗಳಮ್ಮ. "ನಿರ್ಮಲಮ್ಮೋರೇ, ಊಟದ ಎಲೆ ಹಾಕಿ. ಹಸಿವಾಗೈತೆ."

ನಿರ್ಮಲಮ್ಮ ಸಂತೋಷಕ್ಕೆ ಬೇಡ ಬೇಡವೆಂದರೂ ಇನ್ನೊಂದೊಂದು ಒಬ್ಬಟ್ಟು ಬಡಿಸಿದರು. ಮದುವೆ ಮಾಘಮಾಸಕ್ಕೆ ಎಂದು ಎಲೆಯ ಮುಂದೆಯೇ ನಿಶ್ಚಯವಾಯಿತು. ಎಲ್ಲ ಮುಗಿದು ಗೇಟಿನ ಹತ್ತಿರ ಬಂದಾಗ ಆಂಜನಪ್ಪ ಮೇಷ್ಟರ ಹೆಗಲ ಮೇಲೆ ಕೈ ಹಾಕಿ, ದನಿ ತಗ್ಗಿಸಿದರು.

"ಬೀಗ್ರೇ, ತಪ್ಪು ತಿಳೀಬ್ಯಾಡಿ. ಇಸ್ಪೀಟಲ್ಲಿ ಎಕ್ಕ, ರಾಣಿ, ಮೂರು, ಎರಡು. ಆಟೀನಲ್ಲಿ ಎಕ್ಕ, ರಾಜ, ಐದು. ಡೈಮಂಡಲ್ಲಿ ಎಕ್ಕ, ರಾಜ, ನಾಲ್ಕು. ಇನ್ನು ಮೂರು ಕಳಾವರು. ಇಪ್ಪತ್ತು ಪಾಯಿಂಟು. ಹೌದಾ?"

ಮೇಷ್ಟರ ಬಾಯಿ ತೆರೆದುಕೊಂಡಿತು. ಹದಿಮೂರಕ್ಕೆ ಹದಿಮೂರೂ ಸರಿ.

"ಅಂಥ ಕೈ ಇಟ್ಕೊಂಡು ಪಾಸ್ ಅಂತಾರಾ? ಡಬಲ್ ಅನ್ನಬೇಕು ಕಣ್ರೀ! ಆಮೇಲೆ ಎಕ್ಕ ಎಲ್ಲ ಗಂಟು ಕಟ್ಕೊಂಡು ಕೊನೇವರ್ಗೂ ಕುಂತ್ರಲ್ಲ, ಹೊಸದಾಗಿ ಕಲಿಯೋರೆಲ್ಲ ಹಂಗೇ ಮಾಡೋದು. ಬರೀ ಪುಸ್ತಕ ಓದಿದ್ರೆ ಬರಾಕಿಲ್ಲ. ಚಿಂತೆ ಬುಡಿ, ನಾನು ಹೇಳ್ಕೊಡ್ತೀನಿ."

"ನೀವು ಸುಮ್ಕೆ ಬನ್ನಿ ಅತ್ಲಾಗೆ" ಎಂದು ಮಂಗಳಮ್ಮ ಕಾರಿನೊಳಗಿಂದ ಗದರಿದರು. "ಇವ್ರು ರೈಲ್ವೇಲಿದ್ದಾಗ ಗೆದ್ದಿರೋ ಕಪ್ಪುಗಳ್ನ ಇಡಾಕೆ ನಮ್ಮನೇಲಿ ಜಾಗ ಇಲ್ಲ ನಿರ್ಮಲಮ್ಮೋರೇ. ಮೇಷ್ಟ್ರೂ ಆಡ್ತಾರೆ ಅಂತ ಮಗ ಹೇಳಿದ್ದ, ಅದ್ಕೇ ಹೆಣ್ಣಿನ ಮನೇಲಿ ಗೆದ್ದು ಮೆರೀಬ್ಯಾಡಿ, ಮೇಷ್ಟ್ರು ಮನಸ್ಸಿಗೆ ನೋವಾಯ್ತದೆ ಅಂತ ಹೇಳಿ ಕರ್ಕೊಂಡು ಬಂದಿವ್ನಿ. ಸೋಲಾಕೆ ಪಾಪ ಎಷ್ಟು ಒದ್ದಾಡಿದ್ರು ನೋಡಿದ್ರಲ್ಲ!"

ಎಕ್ಕದ ಕೆಳಗೆ ಬಿದ್ದ ಆ ರಾಜ ಮೇಷ್ಟರ ಕಣ್ಣ ಮುಂದೆ ಬಂದ. ಬೇಕಂತಲೇ ಬಿದ್ದಿದ್ದ ಅವನು! ಮೇಷ್ಟರಿಗೆ ಮೈಯೆಲ್ಲ ಉರಿಯಿತು. 'ಸ್ವಾಮಿ, ನಾನೂ ಬೇಕಂತಲೇ ಪಾಸ್ ಅಂದದ್ದು, ನಿಮ್ಮ ಮೇಲೆ ಕರುಣೆ ತೋರಿಸಿದ್ದು' ಎಂದು ಕೂಗಿ ಹೇಳಬೇಕೆನಿಸಿತು. ಎಂಥ ಮಾತು! ಮಧ್ಯಾಹ್ನದ ಇಪ್ಪತ್ತು ಪಾಯಿಂಟಿಗಿಂತ ದೊಡ್ಡ ಕೈ. ಆದರೆ ಹೇಳಿದರೆ ಬೀಗರನ್ನು ಬಡಪಾಯಿ ಎಂದು ಎಣಿಸಿದ್ದು ಹೊರಗೆ ಬರುತ್ತದೆ. ಹಿಂದೆ ನಿರ್ಮಲಮ್ಮ ಮೆಲ್ಲಗೆ ಕೆಮ್ಮಿದರು. ಮೆಟ್ಟಿಲ ಮೇಲೆ ನಯನ ನಗುತ್ತಾ ನಿಂತಿದ್ದಳು. ಎಷ್ಟೋ ದಿನದ ಮೇಲೆ ಅವಳು ಹಾಗೆ ನಗುವುದನ್ನು ಮೇಷ್ಟರು ನೋಡಿದ್ದು.

"ಆಗ್ಲಿ ಬೀಗ್ರೇ" ಅಂದರು ಮೇಷ್ಟರು. "ಹೇಳ್ಕೊಡಿ, ಕಲೀತೀನಿ."

ಬುಧವಾರ ಆಂಜನಪ್ಪನವರಿಂದ ವಾಟ್ಸಾಪಿನಲ್ಲಿ ಹತ್ತು ಪ್ರಶ್ನೆ ಬಂದವು. 'ಒಂದು: ಎಕ್ಕಕ್ಕೆ ಎಷ್ಟು ಪಾಯಿಂಟು?' ಮೇಷ್ಟರು ಹಲ್ಲು ಕಡಿಯುತ್ತಾ ಹತ್ತಕ್ಕೂ ಸರಿಯುತ್ತರ ಬರೆದು ಮುಗಿಸುವಷ್ಟರಲ್ಲಿ ನಿರ್ಮಲಮ್ಮ ಹಿಂದೆ ಬಂದು ನಿಂತರು.

"ಎಲ್ಲಾ ಸರಿ ಬರೆದ್ರೆ ಆವತ್ತು ನಾಟಕ ಆಡಿದ್ರಿ ಅಂತ ಗೊತ್ತಾಗಲ್ವೇನ್ರೀ? ಒಂದಷ್ಟು ತಪ್ಪು ಮಾಡಿ."

ಮೇಷ್ಟರು ಕಣ್ಣು ಮುಚ್ಚಿಕೊಂಡು ಆರು ಉತ್ತರ ಕೆಡಿಸಿದರು. ಇನ್ನೊಂದನ್ನು ಅರ್ಧ ಕೆಡಿಸಿದರು. ಕಾಲು ಗಂಟೆಗೆ ಹುಳಿಯಾರಿನಿಂದ ಉತ್ತರ ಬಂತು.

'ಹತ್ತಕ್ಕೆ ಮೂರು ಬಂದಿತ್ತು. ಬೀಗರು ಅಂತ ಅರ್ಧ ಸೇರಿಸಿದೀನಿ. ಮೂರೂವರೆ. ಪಾಸ್.'