ಟೆಲಿಪಥಿಯೂ ಬೀಗರ ಊಟವೂ

ಹೆಂಡತಿಯ ಮನಸ್ಸನ್ನು ಅವಳು ಬಾಯಿ ಬಿಡದೆಯೇ ಓದುತ್ತೇನೆಂದು ಪಣ ತೊಟ್ಟ ಮಸ್ಕಿಯ ಮೊದಲ ಗಂಡಸು ನಾನೇ ಇರಬೇಕು! ತಪ್ಪು ಸಿಂಧನೂರಿನದು. ಅಲ್ಲಿ ನಮ್ಮ ಇಲಾಖೆಯವರಿಗೆ ತರಬೇತಿ ಇತ್ತು. "ಭಾವನಾತ್ಮಕ ಬುದ್ಧಿಮತ್ತೆ ಬೆಳೆದಂತೆ ಎದುರಿನವರ ಮನಸ್ಸು ತಿಳಿಯುತ್ತದೆ. ಟೆಲಿಪಥಿ ಇದರ ಮುಂದಿನ ಮೆಟ್ಟಿಲಿರಬಹುದು" ಎಂದರು ತರಬೇತುದಾರರು. ಅವರ "ಇರಬಹುದು" ನನ್ನ ಕಿವಿಗೆ ಬೀಳಲೇ ಇಲ್ಲ.

ಸೋಮವಾರ ಬೆಳಿಗ್ಗೆ ಪದ್ಮಾವತಿ ಅಡುಗೆಮನೆಯಿಂದ ಬಂದು, "ರೀ, ಒಂದು ಮಾತು..." ಎಂದಳು.

"ಬಾಯಿಲೆ ಹೇಳಬ್ಯಾಡ. ಮನಸ್ಸಿನ್ಯಾಗ ಅನ್ಕೋ, ನನಗ ಮುಟ್ಟತೈತಿ."

ಆಕೆ ನನ್ನನ್ನೇ ದಿಟ್ಟಿಸಿದಳು. ಮುಟ್ಟಿತು! ಸಂಜೆ ಮಲ್ಲಿಗೆ, ಬಿಸಿ ಮಿರ್ಚಿ ಭಜಿ ಹಿಡಿದು ಬಂದೆ. ಆಕೆ ಮಲ್ಲಿಗೆ ಕಿತ್ತುಕೊಂಡು ಸರ್ರನೆ ಒಳಗೆ ಹೋದಳು. ಸಂತೋಷ ಹೆಚ್ಚಾಗಿದೆ ಎಂದುಕೊಂಡೆ.

ಅಷ್ಟರಲ್ಲಿ ಗೊರೇಬಾಳದ ಬೀಗರು ಬಂದರು. ನಮ್ಮ ಮಗಳನ್ನು ಅವರ ಮನೆಗೆ ಕೊಟ್ಟ ಮೇಲೆ ವಿರೂಪಾಕ್ಷಪ್ಪ, ಗದ್ದೆಮ್ಮ ದಂಪತಿ ನಮ್ಮ ಮನೆಗೆ ಬಂದದ್ದು ಇದೇ ಮೊದಲು. ಮಿರ್ಚಿ ಅವರ ಮುಂದಿಟ್ಟೆ. ಬಾಗಿಲಲ್ಲಿ ನಿಂತ ಪದ್ಮಾವತಿ ನನ್ನನ್ನು ನೋಡಿ, ಒಲೆ ಕಡೆ ಕಣ್ಣು ಹೊರಳಿಸಿದಳು. ಊಟಕ್ಕೆ ನಿಲ್ಲಿಸಿ ಎಂಬ ಸಂದೇಶ!

"ಉಂಡೇ ಹೋಗಬೇಕ್ರಿ, ಬೀಗರ."

ಆಕೆ ಕಣ್ಣು ಇನ್ನೂ ದೊಡ್ಡದು ಮಾಡಿದಳು.

"ಹೋಳಿಗಿನೂ ಮಾಡ್ತಾಳ" ಎಂದು ಸೇರಿಸಿದೆ.

ಗದ್ದೆಮ್ಮ ಪದ್ಮಾವತಿಯ ಮುಖ ಒಮ್ಮೆ ನೋಡಿದರು. "ಬ್ಯಾಡ್ರಿ ಅಣ್ಣಾರ, ಸೋಮವಾರ ನಮ್ದು ಉಪವಾಸ."

ಮಿರ್ಚಿ ಕಡಿಯುತ್ತಿದ್ದ ವಿರೂಪಾಕ್ಷಪ್ಪ, "ಯಾವಾಗಿಂದ?" ಎಂದರು. ಗದ್ದೆಮ್ಮ ಅವರನ್ನು ಎಬ್ಬಿಸಿಕೊಂಡು ಹೊರಟೇಬಿಟ್ಟರು.

"ಮುಂಜಾನಿನೇ ಗ್ಯಾಸ್ ಮುಗದೈತಿ" ಎಂದಳು ಪದ್ಮಾವತಿ. "ಮನಸ್ಸಿನ್ಯಾಗ ಒದರಿ ಒದರಿ ಹೇಳೀನಿ. ಗೊರೇಬಾಳದಾಕಿಗೆ ಮುಟ್ಟಿತು, ನಿಮಗ ಮುಟ್ಟಲಿಲ್ಲ. ಬೀಗರು ಹಸಗೊಂಡು ಹೋದ್ರು. ಮಗಳಿಗೆ ಯಾವ ಮಾರಿ ತೋರಸ್ಲಿ?"

ಅವಳ ಕಣ್ಣು ತುಂಬಿತ್ತು. ನನಗೆ ನಿಜಕ್ಕೂ ನಾಚಿಕೆಯಾಯಿತು. ಖಾಲಿ ಸಿಲಿಂಡರ್ ಬೈಕಿಗೆ ಕಟ್ಟಿಕೊಂಡು ಹೊರಟೆ.

ದಾರಿಯಲ್ಲಿ ವಿರೂಪಾಕ್ಷಪ್ಪನವರ ಫೋನು. ಬಸ್ ಸ್ಟ್ಯಾಂಡಿನಿಂದ, ಮೆಲ್ಲಗೆ: "ಬೀಗರ, ನಮ್ದು ಉಪವಾಸ ಯಾಕಂತ ನಿಮಗೇನರ ಗೊತ್ತೈತೇನ್ರಿ? ಇಕಿನ್ನ ಕೇಳಿದ್ರ 'ನೀವೇ ತಿಳಕೊಳ್ರಿ' ಅಂತಾಳ."

"ನಮ್ಮ ಮನ್ಯಾಗ ಗ್ಯಾಸ್ ಮುಗದಿತ್ರಿ. ಸಿಲಿಂಡರ್ ತರಾಕ ಹೊಂಟೀನಿ. ತಿರುಗಿ ಬರ್ರಿ."

ಇದನ್ನು ಪದ್ಮಾವತಿಗೆ ಮುಟ್ಟಿಸಬೇಕಿತ್ತು. ಈ ಸಲ ಫೋನನ್ನೇ ನಂಬಿದೆ. ನಾನು ಬಾಯಿ ತೆರೆಯುವ ಮೊದಲೇ ಅವಳೆಂದಳು:

"ಅವರನ್ನ ತಿರುಗಿ ಕರದೀರಿ, ಹೌದಿಲ್ಲೋ? ಗೊತ್ತಿತ್ತು. ಬ್ಯಾಳಿ ತೊಳದಿಟ್ಟೀನಿ. ಲಗೂನ ಹೊಳ್ಳಿ ಬರ್ರಿ, ಗ್ಯಾಸಿನ ಬುಕ್ಕು ಇಲ್ಲೇ ಬಿಟ್ಟು ಹೋಗೀರಿ."